ಮೂರು ಬಾಗಿಲುಗಳ ಪರೀಕ್ಷೆ

ಮಗ ಬಿ.ಎ. ಮುಗಿಸಿ ಮನೆಗೆ ಬಂದನೆಂದರೆ "ಇನ್ನು ಮುಂದೇನು?" ಎಂಬ ಪ್ರಶ್ನೆ ಹಿರಿಯರ ಬಾಯಿಂದ ಬರುವುದು ಸಹಜ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಇದಕ್ಕೆ ಸಿದ್ಧವಾದ ಉತ್ತರವೊಂದಿತ್ತು: ಅಮಲ್ದಾರಿಕೆ. ಜಮಾಬಂದಿಗೆಂದು ಹಳ್ಳಿಗೆ ಬಂದ ಅಮಲ್ದಾರರ ಮುಂದೆ ಪಟೇಲ ಶಾನುಭೋಗರು ಕೈಕಟ್ಟಿ ನಿಲ್ಲುತ್ತಿದ್ದುದನ್ನು ಕಂಡ ತಂದೆತಾಯಿಗಳಿಗೆ ಅದಕ್ಕಿಂತ ದೊಡ್ಡ ಪದವಿ ಕಲ್ಪನೆಗೆ ಬರುತ್ತಿರಲಿಲ್ಲ. ಈಗ ಅಮಲ್ದಾರರು ಹೋಗಿ ತಹಶೀಲ್ದಾರರು ಬಂದಿದ್ದಾರೆ. ಕುದುರೆ ಹೋಗಿ ಜೀಪು ಬಂದಿದೆ. ಆಸೆ ಮಾತ್ರ ಹಾಗೆಯೇ ಇದೆ. ವ್ಯತ್ಯಾಸವೆಂದರೆ, ಇಂದು ಅದು ಮಗನೊಬ್ಬನ ಆಸೆಯಲ್ಲ, ಮಗಳದೂ ಹೌದು. ಹೊಲ ಉಳುವವನ ಮನೆಯಲ್ಲಿಯೂ ಅದು ಹುಟ್ಟುತ್ತದೆ.

ಆ ಆಸೆಯ ಹರವು ಎಷ್ಟೆಂಬುದನ್ನು ತಿಳಿಯಲು ಒಂದು ಲೆಕ್ಕ ಸಾಕು. ಕರ್ನಾಟಕ ಲೋಕಸೇವಾ ಆಯೋಗವು 2024ರ ಫೆಬ್ರವರಿಯಲ್ಲಿ ಗೆಜೆಟೆಡ್ ಪ್ರೊಬೇಷನರುಗಳ 384 ಹುದ್ದೆಗಳಿಗೆ ಅರ್ಜಿ ಕರೆಯಿತು. ಅವುಗಳಲ್ಲಿ 159 'ಎ' ವೃಂದದವು, 225 'ಬಿ' ವೃಂದದವು. ಬಂದ ಅರ್ಜಿಗಳು ಎರಡು ಲಕ್ಷಕ್ಕೂ ಮಿಗಿಲು. ಒಂದು ಕುರ್ಚಿಗೆ ಐನೂರಕ್ಕಿಂತ ಹೆಚ್ಚು ಜನ. ಇವರಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬುದನ್ನು ಒಬ್ಬ ಮನುಷ್ಯನ ವಿವೇಕಕ್ಕೆ ಬಿಟ್ಟರೆ ಲೋಕ ನಂಬದು. ಆದುದರಿಂದಲೇ ಒಂದರ ಹಿಂದೊಂದಾಗಿ ಮೂರು ಬಾಗಿಲುಗಳನ್ನು ನಿರ್ಮಿಸಿದ್ದಾರೆ. ಈ ಬಾಗಿಲುಗಳ ಅಳತೆ ಆಕಾರಗಳನ್ನು ನಿರ್ಧರಿಸಿದ್ದು ವಿದ್ಯೆಯ ಮೇಲಿನ ಗೌರವಕ್ಕಿಂತ ಹೆಚ್ಚಾಗಿ ಮನುಷ್ಯನ ಕೈಯ ಮೇಲಿನ ಅಪನಂಬಿಕೆ.

ಅಧಿಕಾರಿಯನ್ನು ಪರೀಕ್ಷಿಸಿ ನೇಮಿಸುವ ಯೋಚನೆ ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಮಾತ್ಯರನ್ನು ಗುಟ್ಟಾಗಿ ಶೋಧಿಸುವ ನಾಲ್ಕು 'ಉಪಧಾ'ಗಳ ವಿವರವಿದೆ: ಧರ್ಮ, ಅರ್ಥ, ಕಾಮ, ಭಯ. ಧರ್ಮದ ಶೋಧನೆಯಲ್ಲಿ ನಿಂತವನನ್ನು ನ್ಯಾಯದ ಕೆಲಸಕ್ಕೆ, ಹಣದ ಆಮಿಷಕ್ಕೆ ಮಣಿಯದವನನ್ನು ಕಂದಾಯ ಬೊಕ್ಕಸಗಳ ಕೆಲಸಕ್ಕೆ ಹಾಕಬೇಕು. ನಾಲ್ಕರಲ್ಲಿಯೂ ಗೆದ್ದವನೇ ಮಂತ್ರಿ. ಯಾವುದರಲ್ಲಿಯೂ ನಿಲ್ಲದವರನ್ನು ಗಣಿ, ಕಾಡು, ಕಾರ್ಖಾನೆಗಳಿಗೆ ಕಳುಹಿಸಬೇಕು ಎಂದು ಆತ ವಿಧಿಸುತ್ತಾನೆ. ಇಂದಿನ ವ್ಯವಸ್ಥೆಯಲ್ಲಿ ಹಂಚಿಕೆಯ ದಾರಿಯೇ ಬೇರೆ. ಅಭ್ಯರ್ಥಿ ತನಗೆ ಬೇಕಾದ ಹುದ್ದೆಗಳನ್ನು ಅನುಕ್ರಮವಾಗಿ ಬರೆದುಕೊಡುತ್ತಾನೆ. ಅವನ ಅಂಕಗಳು, ಅವನ ಮೀಸಲಾತಿಯ ವರ್ಗ, ಆ ಅನುಕ್ರಮ ಇವು ಮೂರೂ ಸೇರಿ ಅವನು ಅಸಿಸ್ಟೆಂಟ್ ಕಮಿಷನರನೋ, ಪೊಲೀಸು ಡಿ.ವೈ.ಎಸ್.ಪಿ.ಯೋ, ಖಜಾನೆಯ ಅಧಿಕಾರಿಯೋ ಎಂಬುದನ್ನು ಗೊತ್ತುಮಾಡುತ್ತವೆ. ಬೊಕ್ಕಸ ಕಾಯುವವನಿಗೂ ಕಳ್ಳನನ್ನು ಹಿಡಿಯುವವನಿಗೂ ಬೇಕಾದ ಗುಣ ಒಂದೇ ಅಲ್ಲವೆಂಬುದನ್ನು ಕೌಟಿಲ್ಯ ಬಲ್ಲವನಾಗಿದ್ದ. ನಮ್ಮ ಪರೀಕ್ಷೆ ಆ ಗೊಡವೆಗೆ ಹೋಗುವುದಿಲ್ಲ.

ಬರವಣಿಗೆಯ ಮೂಲಕ ಸ್ಪರ್ಧೆ ಏರ್ಪಡಿಸುವ ಕ್ರಮ ಇಂಗ್ಲಿಷರಿಂದ ಬಂದದ್ದು. ಇಂಡಿಯನ್ ಸಿವಿಲ್ ಸರ್ವಿಸಿಗೆ ಮೊದಲ ಸ್ಪರ್ಧಾ ಪರೀಕ್ಷೆ ಲಂಡನ್ನಿನಲ್ಲಿ 1855ರಲ್ಲಿ ನಡೆಯಿತು. ಭಾರತದ ನೆಲದಲ್ಲಿ ಅದೇ ಪರೀಕ್ಷೆ ನಡೆಯಲು 1922ರವರೆಗೆ ಕಾಯಬೇಕಾಯಿತು. ಮೈಸೂರು ಸಂಸ್ಥಾನ ಅಷ್ಟು ಕಾಯಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿಯೇ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ಮೊದಲಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆ ಪರೀಕ್ಷೆಯ ದಾರಿಯಿಂದಲೇ ಅಸಿಸ್ಟೆಂಟ್ ಕಮಿಷನರಾದವರು. ಸರ್ಕಾರದ ಕಡತ ಅವರ ಕೈಯಿಂದ ಕನ್ನಡದ ಸಣ್ಣಕತೆಯನ್ನು ಕಸಿಯಲಿಲ್ಲವೆಂಬುದು ನಾಡಿನ ಭಾಗ್ಯ. ಸಂವಿಧಾನ ಬಂದ ಮೇಲೆ 315ನೆಯ ಅನುಚ್ಛೇದದ ಪ್ರಕಾರ ಒಕ್ಕೂಟಕ್ಕೊಂದು, ರಾಜ್ಯಕ್ಕೊಂದು ಲೋಕಸೇವಾ ಆಯೋಗ ಇರಬೇಕೆಂದಾಯಿತು. ಮೈಸೂರಿನ ಆಯೋಗ 1951ರ ಮೇ 18ರಂದು ಅಸ್ತಿತ್ವಕ್ಕೆ ಬಂತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಆಯೋಗಕ್ಕೂ ಅದೇ ಹೆಸರಾಯಿತು.

ಪೂರ್ವಭಾವಿ, ಮುಖ್ಯ, ಸಂದರ್ಶನ ಎಂಬ ಮೂರು ಹಂತಗಳ ರೂಪ ಬಂದದ್ದು ಡಿ. ಎಸ್. ಕೊಠಾರಿಯವರ ಸಮಿತಿಯಿಂದ. 1976ರಲ್ಲಿ ವರದಿ ಕೊಟ್ಟ ಆ ಸಮಿತಿಯ ಸಲಹೆಯಂತೆ 1979ರಿಂದ ಕೇಂದ್ರದ ಪರೀಕ್ಷೆಗಳು ಹೀಗೆ ನಡೆದುವು; ರಾಜ್ಯಗಳು ಅದೇ ಜಾಡನ್ನು ಹಿಡಿದುವು. ಕರ್ನಾಟಕದ ಪರೀಕ್ಷೆಗೆ ಆಧಾರವಾಗಿರುವುದು 1997ರ ನೇಮಕಾತಿ ನಿಯಮಗಳು. ಅವುಗಳಿಗೆ ಆಗಾಗ ತಿದ್ದುಪಡಿಗಳಾಗುತ್ತ ಬಂದಿವೆ. ಈ ತಿದ್ದುಪಡಿಗಳಲ್ಲಿಯೇ ನಿಜವಾದ ಕಥೆ ಇರುವುದು.

ಮೊದಲ ಬಾಗಿಲು ಪೂರ್ವಭಾವಿ ಪರೀಕ್ಷೆ. ಒಂದೇ ದಿನ ಎರಡು ಪತ್ರಿಕೆಗಳು. ಪ್ರತಿಯೊಂದಕ್ಕೂ ನೂರು ಪ್ರಶ್ನೆ, ಇನ್ನೂರು ಅಂಕ, ಎರಡು ಗಂಟೆ. ಮೊದಲನೆಯದರಲ್ಲಿ ದೇಶವಿದೇಶಗಳ ವಿದ್ಯಮಾನಗಳು ಮತ್ತು ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ ಮೊದಲಾದ ಮಾನವಿಕ ವಿಷಯಗಳು. ಎರಡನೆಯದರಲ್ಲಿ ರಾಜ್ಯದ ವಿದ್ಯಮಾನಗಳು, ವಿಜ್ಞಾನ, ಪರಿಸರ, ಜೊತೆಗೆ ಎಸ್.ಎಸ್.ಎಲ್.ಸಿ. ಮಟ್ಟದ ಬುದ್ಧಿಸಾಮರ್ಥ್ಯದ ಪ್ರಶ್ನೆಗಳು. ಉತ್ತರ ಬರೆಯುವುದೆಂಬುದಿಲ್ಲ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ವೃತ್ತಕ್ಕೆ ಶಾಯಿ ತುಂಬಬೇಕು, ಯಂತ್ರ ಓದುತ್ತದೆ. ಯಂತ್ರಕ್ಕೆ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ, ಶಿಫಾರಸು ಪತ್ರ ಓದಲು ಬರುವುದಿಲ್ಲ. ಇದರ ದೊಡ್ಡ ಗುಣ ಇದೇ.

ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ, ಎಂದರೆ ಅರ್ಧ ಅಂಕ, ಕಡಿತವಾಗುತ್ತದೆ. ಕಣ್ಣುಮುಚ್ಚಿ ಹೊಡೆಯುವವರನ್ನು ತಡೆಯಲು ಈ ನಿಯಮವೆಂದು ಹೇಳುವುದುಂಟು. ಆದರೆ ಲೆಕ್ಕ ಹಾಕಿ ನೋಡಿದರೆ ವಿನೋದವಾಗಿದೆ. ಏನೂ ತಿಳಿಯದ ಒಬ್ಬನು ನೂರು ಪ್ರಶ್ನೆಗಳಿಗೂ ಕುರುಡಾಗಿ ಗುರುತು ಹಾಕಿದನೆನ್ನಿ. ಸರಾಸರಿಯಲ್ಲಿ 25 ಸರಿಯಾಗಿ 50 ಅಂಕ ಬರುತ್ತದೆ; 75 ತಪ್ಪಾಗಿ 37.5 ಹೋಗುತ್ತದೆ, ಕೊನೆಗೆ ಹನ್ನೆರಡೂವರೆ ಅಂಕ ಅವನ ಜೇಬಿನಲ್ಲಿ ಉಳಿಯುತ್ತದೆ. ಪೂರ್ಣ ಅಜ್ಞಾನಿಗೆ ಸಣ್ಣ ಲಾಭವಿದ್ದರೆ, ನಾಲ್ಕರಲ್ಲಿ ಎರಡನ್ನು ಕಳೆದುಹಾಕಬಲ್ಲ ಅರೆಜ್ಞಾನಿಗೆ ದೊಡ್ಡ ಲಾಭವೇ ಉಂಟು. ತರಬೇತಿ ಕೇಂದ್ರಗಳು ಕಲಿಸುವ ವಿದ್ಯೆಯಲ್ಲಿ ಒಂದು ಪಾಲು ಇದೇ ಎಂದರೆ ಅತಿಶಯವಲ್ಲ.

ಈ ನಾನೂರು ಅಂಕಗಳು ಅಂತಿಮ ಪಟ್ಟಿಗೆ ಸೇರುವುದಿಲ್ಲ. ಬಾಗಿಲು ದಾಟಿಸಿದ ಕ್ಷಣಕ್ಕೆ ಅವುಗಳ ಆಯುಸ್ಸು ಮುಗಿಯಿತು. ಹುದ್ದೆಗಳ ಸಂಖ್ಯೆಯ ಹಲವು ಪಟ್ಟು ಜನರನ್ನು ಮಾತ್ರ ಒಳಗೆ ಬಿಟ್ಟು ಉಳಿದ ಬಹುದೊಡ್ಡ ಜನಸಮೂಹವನ್ನು ಮನೆಗೆ ಕಳುಹಿಸುವುದಷ್ಟೇ ಇದರ ಕೆಲಸ. ಹಾಗೆಂದು ಇದು ಸಣ್ಣದೆಂದು ತಿಳಿಯುವಂತಿಲ್ಲ. ಅರ್ಜಿದಾರರಲ್ಲಿ ಹೆಚ್ಚಿನವರ ಕನಸು ಮುರಿಯುವುದು ಇಲ್ಲಿಯೇ.

ಎರಡನೆಯ ಬಾಗಿಲು ಮುಖ್ಯ ಪರೀಕ್ಷೆ. ಇಲ್ಲಿ ಕೈಯಿಂದ ಬರೆಯಬೇಕು. ಮೊದಲು ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳು, ತಲಾ 150 ಅಂಕ; ಎರಡರಲ್ಲಿಯೂ ಶೇಕಡ 35 ಬರದಿದ್ದರೆ ಉಳಿದ ಉತ್ತರಗಳು ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಈ ಅಂಕಗಳೂ ಒಟ್ಟು ಲೆಕ್ಕಕ್ಕೆ ಸೇರವು. ಲೆಕ್ಕಕ್ಕೆ ಸೇರುವುದು ಪ್ರಬಂಧದ 250, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳ ತಲಾ 250, ಒಟ್ಟು 1250. ಇತಿಹಾಸ, ಅರ್ಥವ್ಯವಸ್ಥೆ, ಸಂವಿಧಾನ, ವಿಜ್ಞಾನ, ಕೃಷಿ, ಪರಿಸರ ಎಲ್ಲವೂ ಇಲ್ಲಿ ಬರುತ್ತವೆ. ನಾಲ್ಕನೆಯ ಪತ್ರಿಕೆಯಲ್ಲಿ ನೀತಿ ಮತ್ತು ಪ್ರಾಮಾಣಿಕತೆ ಕೂಡ ಒಂದು ವಿಷಯ. ಪ್ರಾಮಾಣಿಕತೆಯನ್ನು ಕುರಿತು ಚೆನ್ನಾಗಿ ಬರೆಯಬಲ್ಲವನು ಪ್ರಾಮಾಣಿಕನೇ ಎಂಬ ಪ್ರಶ್ನೆಗೆ ಕೌಟಿಲ್ಯನಂತೂ ನಕ್ಕುಬಿಡುತ್ತಿದ್ದ.

ಕೆಲವು ವರ್ಷಗಳ ಹಿಂದಿನವರೆಗೆ ಇವುಗಳ ಜೊತೆಗೆ ಅಭ್ಯರ್ಥಿ ತಾನೇ ಆರಿಸಿಕೊಂಡ ಐಚ್ಛಿಕ ವಿಷಯವೊಂದರ ಎರಡು ಪತ್ರಿಕೆಗಳು ಇದ್ದುವು, ಒಟ್ಟು 500 ಅಂಕ. ಯಾವ ವಿಷಯಕ್ಕೆ ಅಂಕ ಧಾರಾಳ, ಯಾವುದಕ್ಕೆ ಬಿಗಿ ಎಂಬ ಲೆಕ್ಕಾಚಾರ ನಡೆಯುತ್ತಿತ್ತು. ಗಣಿತದವನನ್ನೂ ಸಮಾಜಶಾಸ್ತ್ರದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂಬ ಜಗಳ ತೀರುತ್ತಲೇ ಇರಲಿಲ್ಲ. 2020ರ ಸುಮಾರಿಗೆ ಐಚ್ಛಿಕ ವಿಷಯಗಳನ್ನೇ ತೆಗೆದುಹಾಕಿದರು. ಜಗಳ ನಿಂತಿತು, ನಿಜ. ಆದರೆ ಬಿ.ಎ. ತರಗತಿಯಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಮನಸ್ಸಿಟ್ಟು ಓದಿದ ಹಳ್ಳಿಯ ಹುಡುಗಿಗೆ ಕನ್ನಡ ಸಾಹಿತ್ಯವೆಂಬ ಐಚ್ಛಿಕ ಒಂದು ಊರುಗೋಲಾಗಿತ್ತು, ಅದೂ ಹೋಯಿತು. ವಿಚಿತ್ರವೆಂದರೆ ದಿಲ್ಲಿಯ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಆರಿಸಿಕೊಳ್ಳಬಹುದು, ಬೆಂಗಳೂರಿನದರಲ್ಲಿ ಆಗದು. ಒಂದು ವಿಷಯವನ್ನು ಆಳವಾಗಿ ಬಲ್ಲವನಿಗಿಂತ ಹತ್ತು ವಿಷಯಗಳನ್ನು ಮೇಲುಮೇಲೆ ಬಲ್ಲವನೇ ಆಡಳಿತಕ್ಕೆ ಯೋಗ್ಯನೆಂಬ ನಂಬಿಕೆ ಈ ಬದಲಾವಣೆಯ ಹಿಂದಿದೆ. ಅದು ಸರಿಯೆಂದು ಒಪ್ಪುವುದು ಕಷ್ಟ.

ಮೂರನೆಯ ಬಾಗಿಲು ಸಂದರ್ಶನ. ಕಾಗದಪತ್ರಗಳಲ್ಲಿ ಅದರ ಹೆಸರು ವ್ಯಕ್ತಿತ್ವ ಪರೀಕ್ಷೆ. ಹುದ್ದೆಯೊಂದಕ್ಕೆ ಮೂವರಂತೆ ಇದಕ್ಕೆ ಕರೆಯುತ್ತಾರೆ. ಮುಖಾಮುಖಿಯಾಗಿ ಕೂತು ಮಾತನಾಡದೆ ಮನುಷ್ಯನ ಗುಣ ತಿಳಿಯದೆಂಬುದು ಒಂದು ವಾದ. ಮುಖ ಕಂಡ ಕೂಡಲೇ ಮುಲಾಜು ಹುಟ್ಟುತ್ತದೆಂಬುದು ಇನ್ನೊಂದು. ಹರಿಯಾಣದ ನಾಗರಿಕ ಸೇವೆಯ ಆಯ್ಕೆಗಳನ್ನು ಕುರಿತ ಅಶೋಕ್ ಕುಮಾರ್ ಯಾದವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ ಈ ಎರಡು ವಾದಗಳನ್ನೂ ತೂಗಿ ನೋಡಿತು. ಅಲ್ಲಿ ಸಾಮಾನ್ಯ ಅಭ್ಯರ್ಥಿಗಳಿಗೆ ಸಂದರ್ಶನದ ಪಾಲು ಶೇಕಡ 22.2 ಇತ್ತು, ಮಾಜಿ ಸೈನಿಕರಿಗೆ 33.3. ಇದು ಮಿತಿಮೀರಿದ್ದು, ಶೇಕಡ 12.2ಕ್ಕಿಂತ ಹೆಚ್ಚಾಗಬಾರದು ಎಂದು ನ್ಯಾಯಾಲಯ ಹೇಳಿತು.

ಕರ್ನಾಟಕ ಆ ಮಿತಿಯೊಳಗೇ ಇತ್ತು. ಲಿಖಿತ ಪರೀಕ್ಷೆಯ 1750ಕ್ಕೆ ಸಂದರ್ಶನದ 200 ಸೇರುತ್ತಿದ್ದ ಕಾಲದಲ್ಲಿ ಅದು ಶೇಕಡ ಹತ್ತರ ಆಸುಪಾಸು. ಆದರೂ ಸಾಲದಾಯಿತು. 1998, 1999 ಮತ್ತು 2004ರ ಆಯ್ಕೆಗಳಲ್ಲಿ ಅಕ್ರಮ ನಡೆದಿದೆಯೆಂದು ಹೈಕೋರ್ಟು 2016ರಲ್ಲಿ ತೀರ್ಪು ಕೊಟ್ಟಿತು. 2011ರ ತಂಡದ ಕಥೆ ಇನ್ನೂ ದೀರ್ಘ. 362 ಜನರ ಆಯ್ಕೆಯ ಮೇಲೆ ಸಿ.ಐ.ಡಿ. ತನಿಖೆಯಾಯಿತು, 2014ರಲ್ಲಿ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು, 2016ರಲ್ಲಿ ಆಡಳಿತ ನ್ಯಾಯಮಂಡಳಿ ಅಭ್ಯರ್ಥಿಗಳ ಪರವಾಗಿ ಹೇಳಿತು, 2018ರಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು, ಕಡೆಗೆ 2022ರಲ್ಲಿ ವಿಧಾನಮಂಡಲವೇ ಕಾನೂನು ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿತು. ಹನ್ನೊಂದು ವರ್ಷ! ತಪ್ಪು ಮಾಡಿದವರು ಯಾರೇ ಇರಲಿ, ನ್ಯಾಯವಾಗಿ ಓದಿ ಬರೆದವರು ಆ ತಂಡದಲ್ಲಿದ್ದರೆ ಅವರ ಯೌವನದ ಹನ್ನೊಂದು ವರ್ಷಗಳಿಗೆ ಬೆಲೆ ಕಟ್ಟುವವರು ಯಾರು?

ಈ ಪ್ರಕರಣಗಳ ನಡುವೆ, 2013ರಲ್ಲಿ, ಆಯೋಗದ ಸುಧಾರಣೆಗಾಗಿ ಪಿ. ಸಿ. ಹೋಟಾ ಅವರ ಸಮಿತಿ ವರದಿ ನೀಡಿತು. ಮುಂದೆ ಸಂದರ್ಶನದ ಅಂಕ ಇಳಿಯುತ್ತ ಬಂದು 2024ರ ಅಧಿಸೂಚನೆಯ ವೇಳೆಗೆ 25 ಆಯಿತು. 1275ರಲ್ಲಿ 25, ನೂರಕ್ಕೆ ಎರಡು ಕೂಡ ಇಲ್ಲ. ಬಾಗಿಲು ಹೆಸರಿಗೆ ಉಳಿದಿದೆ, ಕದವನ್ನು ಕಿತ್ತುಹಾಕಿದ್ದಾರೆ. ಮನುಷ್ಯನ ಕೈಯನ್ನು ಇದಕ್ಕಿಂತ ಕಟ್ಟುವುದು ಸಾಧ್ಯವಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆ ಅನ್ಯಾಯಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಎಡೆ ಸಿಕ್ಕಿತು, ಅದೂ ಯಾರೂ ಕಾವಲಿಡದ ಸ್ಥಳದಲ್ಲಿ, ಪ್ರಶ್ನೆಯ ವಾಕ್ಯದಲ್ಲಿ.

2024ರ ಆಗಸ್ಟ್ 27ರಂದು 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ ನಡೆಯಿತು. ಪ್ರಶ್ನೆಗಳನ್ನು ಮೊದಲು ಇಂಗ್ಲಿಷಿನಲ್ಲಿ ರಚಿಸಿ ಆಮೇಲೆ ಕನ್ನಡಕ್ಕೆ ತಿರುಗಿಸಿದ್ದರು. ಕನ್ನಡದ ಸಾಲುಗಳನ್ನು ಓದಿದವರಿಗೆ ಅರ್ಥವೇ ಆಗದ, ಇಲ್ಲವೆ ಬೇರೆಯೇ ಅರ್ಥ ಬರುವ ಪ್ರಶ್ನೆಗಳು ಅನೇಕವಿದ್ದುವು. ನಾಡಿನಾದ್ಯಂತ ಆಕ್ಷೇಪಣೆಯೆದ್ದು, ಮರುಪರೀಕ್ಷೆ ನಡೆಸಬೇಕೆಂದು ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿಗಳು ಸೂಚಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಅದರಲ್ಲಿಯೂ ಅನುವಾದದ ದೋಷಗಳು! ಕನ್ನಡ ಅಭಿವೃದ್ಧಿ ಪ್ರಾಧಿಕಾರ ದನಿಯೆತ್ತಿತು; ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಭ್ಯರ್ಥಿಗಳು ಧರಣಿ ಕೂತರು; ಮೊಕದ್ದಮೆಗಳಾದುವು. ಮೂರನೆಯ ಸಲ ಪರೀಕ್ಷೆ ನಡೆಯಲಿಲ್ಲ. 2025ರ ಮೇ ತಿಂಗಳಲ್ಲಿ ಮುಖ್ಯ ಪರೀಕ್ಷೆ ನಡೆದುಹೋಯಿತು.

ಅನುವಾದದ ಒಂದೆರಡು ತಪ್ಪಿಗೆ ಇಷ್ಟು ಗದ್ದಲವೇಕೆಂದು ನಗರದ ಮನೆಗಳಲ್ಲಿ ಕೇಳಿದವರುಂಟು. ನೂರು ಪ್ರಶ್ನೆಗೆ ನೂರಿಪ್ಪತ್ತು ನಿಮಿಷವೆಂದರೆ ಪ್ರಶ್ನೆಯೊಂದಕ್ಕೆ ಎಪ್ಪತ್ತೆರಡು ಸೆಕೆಂಡು. ಇಂಗ್ಲಿಷಿನಲ್ಲಿ ಓದುವವನು ಒಮ್ಮೆ ಓದಿ ಉತ್ತರ ಗುರುತಿಸುತ್ತಾನೆ. ಕನ್ನಡದಲ್ಲಿ ಓದುವವಳು ಒಮ್ಮೆ ಓದಿ, ಅರ್ಥವಾಗದೆ ಮತ್ತೊಮ್ಮೆ ಓದಿ, ಆಮೇಲೆ ಪಕ್ಕದ ಇಂಗ್ಲಿಷನ್ನು ನೋಡಿ, ಅದನ್ನು ಮನಸ್ಸಿನಲ್ಲಿಯೇ ಕನ್ನಡಕ್ಕೆ ತಂದುಕೊಂಡು ಉತ್ತರ ಹುಡುಕಬೇಕು. ಅನುವಾದಕ ಮಾಡದೆ ಬಿಟ್ಟ ಕೆಲಸವನ್ನು ಆಕೆ ಪರೀಕ್ಷೆಯ ಕೊಠಡಿಯಲ್ಲಿ ಕೂತು ಮಾಡುತ್ತಾಳೆ. ಅರ್ಧ ಅಂಕದ ಅಂತರದಲ್ಲಿ ನೂರಾರು ಜನ ನಿಂತಿರುವ ಪರೀಕ್ಷೆಯಲ್ಲಿ ಐದು ಪ್ರಶ್ನೆ ಕೆಟ್ಟರೂ ಸಾಕು.

ತಪ್ಪು ಹುಟ್ಟುವ ಬಗೆಯೂ ಗಮನಿಸತಕ್ಕದ್ದು. ಇಂಗ್ಲಿಷಿನಲ್ಲಿ ಹೆಸರು ಮೊದಲು ಬಂದು ಅದರ ವಿಶೇಷಣಗಳು ಹಿಂದಿನಿಂದ ಬರಬಲ್ಲವು. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಸಾಲುಗಟ್ಟಿ, ಹೆಸರು ಕೊನೆಗೆ. "ರಾಜ್ಯಪಾಲರು ಹಿಂದಿರುಗಿಸಿ, ವಿಧಾನಮಂಡಲ ಮತ್ತೆ ಅಂಗೀಕರಿಸಿದ ಮಸೂದೆ" ಎಂದರೆ ಯಾರಿಗೂ ತಿಳಿಯುತ್ತದೆ. ಇದನ್ನೇ ಇಂಗ್ಲಿಷಿನ ಜಾಡಿನಲ್ಲಿ "ಮಸೂದೆಯು ಯಾವುದು ರಾಜ್ಯಪಾಲರಿಂದ ಹಿಂದಿರುಗಿಸಲ್ಪಟ್ಟಿತೋ ಮತ್ತು ಯಾವುದು ವಿಧಾನಮಂಡಲದಿಂದ ಪುನಃ ಅಂಗೀಕರಿಸಲ್ಪಟ್ಟಿತೋ" ಎಂದು ಬರೆದರೆ ಓದುವವನ ಉಸಿರು ನಡುವೆಯೇ ನಿಲ್ಲುತ್ತದೆ. ಇನ್ನು ನಿಷೇಧ. ಕನ್ನಡದಲ್ಲಿ ಅದು ವಾಕ್ಯದ ತುದಿಯಲ್ಲಿ ಒಂದೆರಡು ಅಕ್ಷರವಾಗಿ ಕೂತಿರುತ್ತದೆ: "ಸರಿಯಾಗಿದೆ", "ಸರಿಯಾಗಿಲ್ಲ". ಆ ತುದಿ ಕೊಂಚ ಜಾರಿದರೆ ಪ್ರಶ್ನೆಯೇ ತಲೆಕೆಳಗು. ಸಂವಿಧಾನದ ಪ್ರಶ್ನೆಗಳಲ್ಲಿ ಇನ್ನೂ ಸೂಕ್ಷ್ಮ. ಕಾನೂನಿನ ಕನ್ನಡದಲ್ಲಿ "ಮಾಡತಕ್ಕದ್ದು" ಎಂದರೆ ಕಡ್ಡಾಯ, "ಮಾಡಬಹುದು" ಎಂದರೆ ವಿವೇಚನೆ. ಅನುವಾದಕ ಇದನ್ನು ಅರಿಯದೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಹಾಕಿದರೆ, ಸಂವಿಧಾನವನ್ನು ಚೆನ್ನಾಗಿ ಬಲ್ಲವಳೇ ತಪ್ಪು ಉತ್ತರ ಕೊಡುತ್ತಾಳೆ. ಬಲ್ಲದವಳು ಅದೃಷ್ಟವಿದ್ದರೆ ಗೆಲ್ಲುತ್ತಾಳೆ.

ಕನ್ನಡವನ್ನು ಆಡಳಿತ ಭಾಷೆಯೆಂದು ಈ ರಾಜ್ಯ ಕಾನೂನು ಮಾಡಿದ್ದು 1963ರಲ್ಲಿ. ಇದೇ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ ಐದು, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇಕಡ ಇಪ್ಪತ್ತೈದು ಹುದ್ದೆಗಳ ಮೀಸಲಾತಿಯಿದೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ತಿಳಿಯದೆಯೇ ಕಸಿದುಕೊಂಡಂತಾಗಿದೆ.

ಹಾಗಾದರೆ ಪ್ರಶ್ನೆಪತ್ರಿಕೆಯನ್ನು ಮುದ್ರಣಕ್ಕೆ ಮುನ್ನ ನಾಲ್ಕು ಜನ ಬಲ್ಲವರು ಏಕೆ ಓದಿ ನೋಡಬಾರದು? ಇಲ್ಲಿಯೇ ಗಂಟು ಬಿದ್ದಿರುವುದು. ಪತ್ರಿಕೆಯನ್ನು ನೋಡಿದ ಕಣ್ಣುಗಳು ಹೆಚ್ಚಿದಷ್ಟೂ ಅದು ಬಯಲಾಗುವ ಭಯ ಹೆಚ್ಚು. ಗುಟ್ಟು ಕಾಪಾಡಬೇಕೆಂದು ಕಣ್ಣುಗಳನ್ನು ಕಡಿಮೆ ಮಾಡಿದರೆ ತಪ್ಪುಗಳು ಹಾಗೆಯೇ ಉಳಿದು ಅಚ್ಚಾಗುತ್ತವೆ. ಮನುಷ್ಯನ ಕೈಯ ಮೇಲಿನ ಯಾವ ಅಪನಂಬಿಕೆ ಸಂದರ್ಶನದ ಅಂಕವನ್ನು 25ಕ್ಕೆ ಇಳಿಸಿತೋ ಅದೇ ಅಪನಂಬಿಕೆ ಕನ್ನಡದ ವಾಕ್ಯವನ್ನು ತಿದ್ದುವ ಕೈಯನ್ನೂ ದೂರ ನಿಲ್ಲಿಸುತ್ತದೆ.

ಮೊದಲು ಕನ್ನಡದಲ್ಲಿಯೇ ಪ್ರಶ್ನೆ ಬರೆಸಿ ಅನಂತರ ಇಂಗ್ಲಿಷಿಗೆ ತಿರುಗಿಸಿರೆಂಬುದು ಹಲವರ ಬೇಡಿಕೆ. ಅದು ನ್ಯಾಯವಾದ ಬೇಡಿಕೆ. ಕನ್ನಡದಲ್ಲಿ ವಿಷಯವನ್ನು ಯೋಚಿಸಬಲ್ಲ ಅಧ್ಯಾಪಕರು ನಾಡಿನ ಕಾಲೇಜುಗಳಲ್ಲಿ ಇಲ್ಲದಿಲ್ಲ. ಆದರೆ ತಿದ್ದುವವರಿಲ್ಲದಿದ್ದರೆ ಆಗ ಎಡವುವವನು ಇಂಗ್ಲಿಷಿನಲ್ಲಿ ಓದುವವನು, ಅಷ್ಟೇ ವ್ಯತ್ಯಾಸ. ವಿಷಯ ಬಲ್ಲವನೊಬ್ಬ, ಎರಡು ಭಾಷೆಗಳನ್ನೂ ಬಲ್ಲವನೊಬ್ಬ, ಇಬ್ಬರೂ ಒಂದೇ ಕೊಠಡಿಯಲ್ಲಿ ಕೂತು, ಪರೀಕ್ಷೆ ಮುಗಿಯುವ ತನಕ ಹೊರಗೆ ಬಾರದಂತೆ ಕಾವಲಿನಲ್ಲಿದ್ದು, ಎರಡು ಪಾಠಗಳನ್ನೂ ಒಟ್ಟಿಗೇ ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ಇದಕ್ಕೆ ಬೇಕಾಗುವ ಖರ್ಚು ಒಂದು ಮರುಪರೀಕ್ಷೆಯ ಖರ್ಚಿಗಿಂತ ಹೆಚ್ಚಾಗಲಾರದು.

ಈ ಪರೀಕ್ಷೆ ವರ್ಷಕ್ಕೊಮ್ಮೆ ತಪ್ಪದೆ ಬರುವಂತಿದ್ದರೆ ಒಂದು ಸಲ ಎಡವಿದವರು ಮುಂದಿನ ಸಲ ನೋಡಿಕೊಳ್ಳೋಣವೆಂದು ಸಮಾಧಾನಪಡಬಹುದಾಗಿತ್ತು. 1999ರ ಅನಂತರದ್ದು 2004ರಲ್ಲಿ, 2011ರ ಅನಂತರದ್ದು 2014ರಲ್ಲಿ, 2020ರ ಅನಂತರದ್ದು 2024ರಲ್ಲಿ. ನಡುವಿನ ವರ್ಷಗಳಲ್ಲಿ ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ, ಬೆಂಗಳೂರಿನ ವಿಜಯನಗರದ ವಾಚನಾಲಯಗಳಲ್ಲಿ ಕಾಯುವವರಿಗೆ ವಯಸ್ಸು ಕಾಯುವುದಿಲ್ಲ. ಊರಿನಿಂದ ಪ್ರತಿ ತಿಂಗಳೂ ಹಣ ಕಳುಹಿಸುವ ತಂದೆಗೂ ಇಲ್ಲ. ಗೆದ್ದ ಕೆಲವರು ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಹೋಗುತ್ತಾರೆ. ಮುಂದೆ ಯಾವುದೋ ತಾಲ್ಲೂಕಿನ ಕಚೇರಿಯಲ್ಲಿ ಅವರ ಮುಂದೆ ಬಂದು ನಿಲ್ಲುವ ರೈತನ ಅರ್ಜಿ ಕನ್ನಡದಲ್ಲಿರುತ್ತದೆ, ಅವರು ಬರೆಯುವ ಹಿಂಬರಹವೂ ಕನ್ನಡದಲ್ಲಿಯೇ ಇರಬೇಕಾಗುತ್ತದೆ.